ತಿಳಿಗುಲಾಬಿಗೆ ನಿಲ್ಲಿಸುವುದು

ಹೊನ್ನಾಳಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಹೊಸ ಮಕ್ಕಳು ಬಂದ ಮೊದಲ ದಿನ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: "ಯಾರ್ ಯಾರ ಮನೇಲಿ ಅಡಿಕೆ ಬೇಯಿಸ್ತೀರಿ? ಕೈ ಎತ್ರಿ." ಚನ್ನಗಿರಿ ಕಡೆಯಿಂದ, ನ್ಯಾಮತಿ ಕಡೆಯಿಂದ ಬರುವ ಕೆಲವರು ಅಕ್ಕಪಕ್ಕ ನೋಡಿ ನಿಧಾನವಾಗಿ ಕೈ ಎತ್ತುತ್ತಾರೆ. ಅವರನ್ನು ಎಬ್ಬಿಸಿ ಕಿಟಕಿಯ ಪಕ್ಕದ ಮೇಜಿಗೆ ಕಳಿಸುತ್ತೇನೆ. ಇವಳೇನು ಮಕ್ಕಳ ಆಸ್ತಿಪಾಸ್ತಿ ವಿಚಾರಿಸುತ್ತಾಳಾ ಎಂದು ಸಹೋದ್ಯೋಗಿಯೊಬ್ಬರು ಹುಬ್ಬೇರಿಸಿದ್ದೂ ಉಂಟು. ನನಗೆ ಬೇಕಾಗಿರುವುದು ಆಸ್ತಿಯಲ್ಲ, ಆ ಮಕ್ಕಳ ಕಣ್ಣು. ಅಡಿಕೆ ಬೇಯಿಸುವ ಮನೆಯ ಮಗು ಟೈಟ್ರೇಷನ್ ಮಾಡುವಾಗ ಎಲ್ಲಿ ಎಡವುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಾನು ಎಡವಿದ್ದೂ ಅಲ್ಲೇ.

ನಮ್ಮೂರು ಕತ್ತಲಗೆರೆಯಿಂದ ಸ್ವಲ್ಪ ಒಳಗೆ. ನಮಗೆ ತೋಟ ಇದ್ದದ್ದು ಅಷ್ಟಕ್ಕಷ್ಟೆ, ಆದರೆ ಬೇಯಿಸುವ ಕೆಲಸ ದೊಡ್ಡದಿತ್ತು. ಸುತ್ತಲಿನವರ ಹಸಿ ಅಡಿಕೆ ನಮ್ಮ ಕಣಕ್ಕೆ ಬಂದು ಬೀಳುತ್ತಿತ್ತು. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ನೀರಿಗೆ ಚೊಗರು ಎನ್ನುತ್ತಾರೆ. ಅದನ್ನು ಯಾರೂ ಚೆಲ್ಲುವುದಿಲ್ಲ. ಅದರಲ್ಲೇ ಮತ್ತೆ ಮತ್ತೆ ಬೇಯಿಸಿ, ಗಟ್ಟಿಯಾದ ಮೇಲೆ ತೆಗೆದಿಟ್ಟು, ಮುಂದಿನ ಅಡಿಕೆಗೆ ಬಣ್ಣ ಬರಲೆಂದು ಹಾಕುತ್ತಾರೆ. ವ್ಯಾಪಾರಿ ಬಂದು ಅಡಿಕೆಯನ್ನು ಅಂಗೈಯಲ್ಲಿ ಹಿಡಿದಾಗ ಮೊದಲು ನೋಡುವುದು ಆ ಬಣ್ಣವನ್ನೇ. ಹಾಗಾಗಿ ಹಂಡೆಗೆ ಎಷ್ಟು ಚೊಗರು ಹಾಕಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವವರ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ. ನಮ್ಮ ಮನೆಯಲ್ಲಿ ಆ ಮಾತು ಅವ್ವನದು.

ಮಿಕ್ಕೆಲ್ಲ ವಿಷಯಕ್ಕೂ ದೊಡ್ಡಪ್ಪನೇ ಯಜಮಾನರು. ಅಪ್ಪ ಅಣ್ಣನ ಮಾತಿಗೆ ತಲೆ ಅಲ್ಲಾಡಿಸುವುದರಲ್ಲೇ ಸುಖ ಕಂಡವರು. ಆದರೆ ಹಂಡೆಯ ಮುಂದೆ ದೊಡ್ಡಪ್ಪನೂ ಬಾಯಿ ಬಿಡುತ್ತಿರಲಿಲ್ಲ. ಅವ್ವ ಸೌಟಿನಲ್ಲಿ ಒಂದಿಷ್ಟು ನೀರು ಎತ್ತಿ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, "ಇನ್ನೂ ಆಗಿಲ್ಲ" ಎನ್ನುತ್ತಿದ್ದಳು. ಮತ್ತೊಂದು ಚೊಂಬು ಚೊಗರು ಬೀಳುತ್ತಿತ್ತು. ಮತ್ತೆ ಸೌಟು, ಮತ್ತೆ ಬೆಳಕು, ಮತ್ತೆ "ಇನ್ನೂ ಆಗಿಲ್ಲ". ನಾನು ನಡೆಯಲು ಕಲಿಯುವ ಮೊದಲೇ ಈ ಮಾತನ್ನು ಕೇಳಿದ್ದೆ ಅನ್ನಿಸುತ್ತದೆ. ಬಣ್ಣ ಎಂದರೆ ಕಡುಗೆಂಪು, ಮಿಕ್ಕಿದ್ದೆಲ್ಲ ಬರೀ ನೀರು ಎಂದು ನಂಬಿಕೊಂಡೇ ನಾನು ಬೆಳೆದದ್ದು.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಚನ್ನಗಿರಿಯ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸೇರಿದೆ. ಸೇರುವಾಗಲೇ ಮನೆಯಲ್ಲಿ ಒಂದು ಪಂಚಾಯ್ತಿ ನಡೆದಿತ್ತು. ದೊಡ್ಡಪ್ಪ ಜಗಲಿಯ ಮೇಲೆ ಕೂತು, ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದರು: "ಓದ್ಲಿ, ನಾನೇನ್ ಬ್ಯಾಡ ಅನ್ನಲ್ಲ. ಪಾಸಾದ್ರೆ ಶಿವಮೊಗ್ಗಕ್ಕೆ ಡಿಗ್ರಿಗೂ ಕಳಿಸಾನ. ಒಂದ್ ಸಬ್ಜೆಕ್ಟ್‌ನಾಗೆ ಡುಮ್ಕಿ ಹೊಡೆದ್ರೂ ವಾಪಸ್ ಬಂದು ನಿನ್ನ ಪಕ್ಕ ಹಂಡೆ ಮುಂದೆ ನಿಂತ್ಕಳ್ಲಿ. ನಿನ್ನ ಕಣ್ಣು ಯಾರಿಗಾರಾ ಬರ್ಬೇಕಲ್ಲ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಪಾಸಾಗ್ತಾಳೆ ಬಿಡ್ರಿ. ಆಗ್ಲಿಲ್ಲ ಅಂದ್ರೆ ನಾನೇ ಕೈ ಹಿಡ್ಕಂಡು ಬಂದು ನಿಲ್ಲಿಸ್ತೀನಿ" ಎಂದಳು. ಅಷ್ಟಕ್ಕೆ ಮಾತು ಮುಗಿಯಿತು. ಆ ಮಾತಿನ ಭಾರ ಎರಡು ವರ್ಷ ನನ್ನ ಹೆಗಲ ಮೇಲಿತ್ತು.

ನಮಗೆ ರಸಾಯನಶಾಸ್ತ್ರ ಕಲಿಸಿದ ಮೇಷ್ಟ್ರು ಜಗಳೂರು ಕಡೆಯವರು. ಚನ್ನಗಿರಿಯಲ್ಲಿ ರೂಮು ಮಾಡಿಕೊಂಡಿದ್ದರು. ಸುಗ್ಗಿಯಲ್ಲಿ ಊರಿಗೆಲ್ಲ ಹರಡುವ ಬೆಂದ ಅಡಿಕೆಯ ವಾಸನೆ ಅವರಿಗೆ ಆಗುತ್ತಿರಲಿಲ್ಲ, ಮೂಗಿಗೆ ಕರವಸ್ತ್ರ ಹಿಡಿದೇ ಕ್ಲಾಸಿಗೆ ಬರುತ್ತಿದ್ದರು. ಕೋಪ ಮೂಗಿನ ತುದಿಯಲ್ಲಿತ್ತು, ಕರವಸ್ತ್ರ ಅದನ್ನು ಮುಚ್ಚುತ್ತಿರಲಿಲ್ಲ. ಪುಸ್ತಕದಲ್ಲಿದ್ದ ಇಂಗ್ಲಿಷ್ ಲೆಕ್ಕವನ್ನು ಓದಿ ನಾವು ಕಣ್ಣು ಪಿಳಿಪಿಳಿ ಬಿಡುವಾಗ, ಬೋರ್ಡಿಗೆ ಬೆನ್ನು ಕೊಟ್ಟು ನಿಂತು ಮೂರು ಪ್ರಶ್ನೆ ಕೇಳುತ್ತಿದ್ದರು: "ಏನ್ ಕೊಟ್ಟಾರೆ? ಏನ್ ಕೇಳ್ಯಾರೆ? ಅಂದಾಜು ಎಷ್ಟು ಬರ್ಬೋದು?" ಅಂದಾಜು ಹೇಳುವವರೆಗೆ ಸೂತ್ರ ಬರೆಯುವ ಹಾಗಿರಲಿಲ್ಲ. ಪೆನ್ನು ಹಿಡಿದರೂ ಬೈಗುಳ.

ಒಮ್ಮೆ ಒಂದು ದ್ರಾವಣಕ್ಕೆ ಅಷ್ಟೇ ನೀರು ಸೇರಿಸಿದರೆ ಅದರ ಮೊಲಾರಿಟಿ, ಅಂದರೆ ಸಾಂದ್ರತೆ, ಎಷ್ಟಾಗುತ್ತದೆ ಎಂಬ ಲೆಕ್ಕ ಕೊಟ್ಟರು. ನಾನು ಗಡಿಬಿಡಿಯಲ್ಲಿ ಸೂತ್ರವನ್ನು ತಿರುಗಾಮುರುಗ ಹಾಕಿ, ಉತ್ತರ ಎರಡರಷ್ಟು ಎಂದು ಎದ್ದುನಿಂತು ಹೇಳಿದೆ. ಮೇಷ್ಟ್ರು ಕರವಸ್ತ್ರ ಇಳಿಸಿದರು.

"ನಿಮ್ಮನೇಲಿ ಮಜ್ಜಿಗೆಗೆ ನೀರು ಹಾಕ್ತಾರಾ?"

"ಹಾಕ್ತಾರೆ ಸಾರ್."

"ಹಾಕಿದ್ ಮ್ಯಾಲೆ ಗಟ್ಟಿ ಆಗ್ತೈತಾ?"

ಕ್ಲಾಸೆಲ್ಲ ನಕ್ಕಿತು. ನನಗೆ ಎಲ್ಲಾದರೂ ಮುಖ ಮುಚ್ಚಿಕೊಂಡರೆ ಸಾಕು ಅನ್ನಿಸಿತು. ಆದರೆ ಅವತ್ತಿನಿಂದ ಈವತ್ತಿನವರೆಗೆ ಅಂದಾಜು ಹೇಳದೆ ನಾನು ಯಾವ ಲೆಕ್ಕವನ್ನೂ ಮಾಡಿಲ್ಲ. ಸಮತೋಲನ ಎಂದರೆ ಕ್ರಿಯೆ ನಿಂತುಹೋಗುವುದು ಎಂದು ನಮ್ಮಲ್ಲೊಬ್ಬ ಬರೆದಾಗ ಅವರು ಹೇಳಿದ ಮಾತೂ ನೆನಪಿದೆ: "ಬೆಳಗ್ಗೆ ಜಗಳೂರಿಂದ ದಾವಣಗೆರೆಗೆ ಒಂದ್ ಬಸ್ ಜನ ಹೋಗ್ತಾರೆ, ದಾವಣಗೆರೆಯಿಂದ ಜಗಳೂರಿಗೆ ಒಂದ್ ಬಸ್ ಜನ ಬರ್ತಾರೆ. ಎರಡೂ ಊರಾಗೆ ಜನ ಅಷ್ಟೇ ಇದಾರೆ. ಅಂದ್ರೆ ಬಸ್ ನಿಂತೈತೆ ಅಂತನಾ? ಓಡ್ತಾನೇ ಐತೆ ಕಣಯ್ಯ." ಅವನು ಈಗ ಸರ್ಕಾರಿ ಬಸ್ಸಿನ ಕಂಡಕ್ಟರ್. ಸಿಕ್ಕಾಗಲೆಲ್ಲ, ಮೇಡಮ್ಮೋರೆ, ಸಮತೋಲನ ಓಡ್ತಾನೇ ಐತೆ ಎಂದು ಟಿಕೆಟ್ ಹರಿದು ಕೊಡುತ್ತಾನೆ.

ಲೆಕ್ಕ ಹೀಗೆ ಹೇಗೋ ಹತ್ತಿಕೊಂಡಿತು. ಇಂಗ್ಲಿಷಿನಲ್ಲಿ ಉದ್ದುದ್ದ ಬರೆಯುವ ಪ್ರಶ್ನೆಗಳಲ್ಲಿ ಮಾತ್ರ ನಾನು ತೀರಾ ಹಿಂದೆ. ಪ್ರಾಕ್ಟಿಕಲ್ ಅಂಕ ಕೈ ಹಿಡಿದರೆ ಮಾತ್ರ ದಡ ಎಂದು ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೇ ಗೊತ್ತಾಯಿತು. ಕೈ ಹಿಡಿಯಬೇಕಾದ ಆ ಪ್ರಾಕ್ಟಿಕಲ್‌ನಲ್ಲೇ ನನ್ನ ಕೈ ಕೆಟ್ಟಿತು.

ಟೈಟ್ರೇಷನ್ ಎಂಬ ಆ ಪ್ರಯೋಗ ಸರಳವಾದದ್ದೇ, ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು. ಗಾಜಿನ ಫ್ಲಾಸ್ಕಿನಲ್ಲಿ ಅಳೆದ ಆಕ್ಸಾಲಿಕ್ ಆಮ್ಲ, ಅದಕ್ಕೆ ಸ್ವಲ್ಪ ಗಂಧಕಾಮ್ಲ. ಕೈಗೆ ಚುರುಕ್ ಎನ್ನುವಷ್ಟು ಬಿಸಿ ಮಾಡಬೇಕು. ಮೇಲೆ ಉದ್ದನೆಯ ಬ್ಯೂರೆಟ್ಟಿನಲ್ಲಿ ಪರ್ಮಾಂಗನೇಟಿನ ಕಡುನೇರಳೆ ದ್ರಾವಣ. ತಿರುಪು ತಿರುಗಿಸಿ ಹನಿಹನಿಯಾಗಿ ಬಿಡುತ್ತಾ ಫ್ಲಾಸ್ಕನ್ನು ಅಲ್ಲಾಡಿಸುತ್ತಿರಬೇಕು. ಮೊದಲ ಹನಿ ಸ್ವಲ್ಪ ಹೊತ್ತು ಹಟ ಹಿಡಿದು ಹಾಗೇ ಇರುತ್ತದೆ, ಆಮೇಲೆ ಕರಗಿ ಮಾಯವಾಗುತ್ತದೆ. ಅನಂತರದ ಹನಿಗಳು ಬಿದ್ದ ಕೂಡಲೇ ಮಾಯ. ಕೊನೆಗೆ ಒಂದು ಹನಿ ಮಾಯವಾಗದೆ, ಇಡೀ ದ್ರಾವಣಕ್ಕೆ ತೀರಾ ತಿಳಿಯಾದ ಗುಲಾಬಿ ಬಣ್ಣ ಕೊಟ್ಟು ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮುಂದೆ ಒಂದೆರಡು ಹನಿ ಬಿದ್ದರೂ ಲೆಕ್ಕ ಕೆಟ್ಟಿತು.

ನಾನು ಅಲ್ಲಿಗೆ ನಿಲ್ಲಿಸುತ್ತಲೇ ಇರಲಿಲ್ಲ. ಪಕ್ಕದ ಹುಡುಗಿಯರ ಫ್ಲಾಸ್ಕುಗಳೆಲ್ಲ ತೊಳೆದ ನೀರಿನ ಬಣ್ಣದಲ್ಲಿ ನಿಂತರೆ, ನನ್ನದು ಬೀಟ್‌ರೂಟ್ ಸಾರು. ತಪ್ಪು ಮಾಡುತ್ತಿದ್ದೇನೆ ಎಂದು ನನಗೆ ಅನ್ನಿಸುತ್ತಲೂ ಇರಲಿಲ್ಲ. ತಿಳಿಗುಲಾಬಿ ಬಂದಾಗ ನೋಡುತ್ತಿದ್ದೆ. ನೋಡಿ, ಇದೇನು ಬಣ್ಣ, ಇನ್ನೂ ಆಗಿಲ್ಲ ಎಂದುಕೊಂಡು ತಿರುಪು ತಿರುಗಿಸುತ್ತಿದ್ದೆ. ಮೇಷ್ಟ್ರು ಒಂದು ವಾರ ಬೈದರು, ಇನ್ನೊಂದು ವಾರ ಬೈಯುವುದನ್ನೂ ಬಿಟ್ಟರು. ಬೈಯದ ವಾರ ನನಗೆ ನಿಜವಾಗಿ ಹೆದರಿಕೆಯಾಯಿತು. ಬಸ್ಸಿನಲ್ಲಿ ಊರಿಗೆ ಹೋಗುವಾಗ ಹಂಡೆಯ ಹೊಗೆಯೇ ಕಣ್ಣ ಮುಂದೆ ಬರುತ್ತಿತ್ತು.

ಒಂದು ದಿನ ಅವರು ನನ್ನ ಕೈ ನೋಡಿದರು. ಅಡಿಕೆ ಸುಲಿದು ಬೆರಳೆಲ್ಲ ಕಪ್ಪಾಗಿದ್ದವು, ಅದರ ಮೇಲೆ ಪರ್ಮಾಂಗನೇಟಿನ ಕಂದು ಕಲೆ ಬೇರೆ.

"ಮನೇಲಿ ಏನ್ ಕೆಲ್ಸ ನಿಮ್ದು?"

"ಅಡಿಕೆ ಬೇಯಿಸ್ತೀವಿ ಸಾರ್. ಬಣ್ಣ ನೋಡಾದು ನಮ್ಮವ್ವ."

ಅವರು ನನ್ನ ಬೀಟ್‌ರೂಟ್ ಸಾರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಜೋರಾಗಿ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು.

"ಹಂಗನ್ನು ಮತ್ತೆ. ನೀನು ಟೈಟ್ರೇಷನ್ ಮಾಡ್ತಾ ಇಲ್ಲವ್ವ, ಅಡಿಕೆ ಬೇಯಿಸ್ತಾ ಇದೀಯ." ಒಂದು ಸ್ಟೂಲು ಎಳೆದುಕೊಂಡು ಕೂತರು. "ಇಲ್ಲಿ ಕೇಳು. ನಿಮ್ ಹಂಡೆಯಾಗೆ ಬಣ್ಣಕ್ಕೆ ಅಂತ್ಲೇ ಚೊಗರು ಹಾಕ್ತೀರಿ. ಹಾಕಿದಷ್ಟೂ ಬಣ್ಣ. ಇಲ್ಲಿ ಬಣ್ಣ ಯಾರಿಗ್ ಬೇಕು? ಈ ಹನಿಯೆಲ್ಲ ಆಕ್ಸಾಲಿಕ್ ಕೂಡೆ ಕೂಡ್ಕಂಡು ಖರ್ಚಾಗ್ತೈತೆ. ಆಕ್ಸಾಲಿಕ್ ಪೂರಾ ಮುಗಿದ್ಮ್ಯಾಲೆ, ಜತೆ ಸಿಗದೆ ಉಳಿದ ಮೊದಲನೇ ಹನಿ ಐತಲ್ಲ, ಅದೇ ಈ ತಿಳಿಗುಲಾಬಿ. ಮುಗೀತು ಅಂತ ಹೇಳಾಕೆ ಬಂದಿರ್ತೈತೆ ಅದು. ಅದರ ಮಾತು ಕೇಳಿ ಕೈ ತಗಿ."

ಅರ್ಥವಾಯಿತು. ಎರಡು ವರ್ಷದಲ್ಲಿ ಅಷ್ಟು ಸ್ಪಷ್ಟವಾಗಿ ಯಾವುದೂ ಅರ್ಥವಾಗಿರಲಿಲ್ಲ. ಆದರೆ ತಲೆಗೆ ಅರ್ಥವಾದದ್ದು ಕಣ್ಣಿಗೆ ಇಳಿಯಬೇಕಲ್ಲ. ಮರುವಾರ ಮತ್ತೆ ಬೀಟ್‌ರೂಟ್.

ಮನೆಯಲ್ಲೇ ಅಭ್ಯಾಸ ಮಾಡುವುದೆಂದು ಹಟ ಹಿಡಿದೆ. ಬಿಳಿ ಪಿಂಗಾಣಿ ಬಟ್ಟಲಲ್ಲಿ ನೀರು, ಖಾಲಿಯಾದ ಕಣ್ಣಿನ ಔಷಧದ ಸೀಸೆಯಲ್ಲಿ ಚೊಗರು. ಸಂಜೆ ಬಿಸಿಲು ಇಳಿಯುವ ಮೊದಲು ಹಿತ್ತಿಲ ಕಟ್ಟೆಯ ಮೇಲೆ ಕೂತು ಹನಿ ಬಿಡುವುದು, ನೀರು ಬಣ್ಣ ಹಿಡಿಯಿತು ಅನ್ನಿಸಿದ ಕೂಡಲೇ "ಸಾಕು" ಎಂದು ಕೂಗಿ ಕೈ ತೆಗೆಯುವುದು. ಚೊಗರು ನೀರಿನ ಜೊತೆ ಯಾವ ಕ್ರಿಯೆಯನ್ನೂ ಮಾಡುವುದಿಲ್ಲ, ಬರೀ ತೆಳುವಾಗುತ್ತದೆ, ಇದು ನಿಜವಾದ ಟೈಟ್ರೇಷನ್ ಅಲ್ಲ ಎಂದು ನನಗೂ ಗೊತ್ತಿತ್ತು. ಕಲಿಸಬೇಕಾಗಿದ್ದದ್ದು ಕೈಗೆ ಮತ್ತು ಕಣ್ಣಿಗೆ. ಅಷ್ಟಕ್ಕೆ ಅದು ಸಾಲುತ್ತಿತ್ತು.

ಅವ್ವನಿಗೆ ಮೊದಲು ಸಿಟ್ಟು ಬಂತು. "ಚೊಗರು ಏನ್ ಬಾವಿ ನೀರೇನೇ?" ಎಂದು ರೇಗಿದಳು. ಆಮೇಲೆ ಪಕ್ಕ ಬಂದು ಕೂತಳು. ಆಮೇಲೆ ಸೀಸೆಯನ್ನು ತಾನೇ ಕಿತ್ತುಕೊಂಡಳು. ಹನಿ ಅವಳದು, "ಸಾಕು" ನನ್ನದು. ನಾನು ಸಾಕು ಎಂದ ಕೂಡಲೇ ಅವ್ವ ಬಟ್ಟಲಿಗೆ ಬಗ್ಗಿ ನೋಡಿ, "ಇನ್ನೂ ಆಗಿಲ್ಲ" ಎನ್ನುತ್ತಿದ್ದಳು.

"ಆಗೈತೆ ಅವ್ವ."

"ಇಂಥಾ ಬಣ್ಣಾನ ಯಾರ್ ತಗಂತಾರೆ? ವ್ಯಾಪಾರಿ ಮುಖಕ್ಕೆ ಎಸೆದು ಹೋಗ್ತಾನೆ."

"ವ್ಯಾಪಾರಿ ಬರಲ್ಲ, ಎಕ್ಸಾಮಿನರ್ ಬರ್ತಾರೆ."

"ಅವನಿಗೂ ಕಣ್ಣಿಲ್ವೇನು?"

ದಿನಾ ಇದೇ ಜಗಳ. ದೊಡ್ಡಪ್ಪ ಹಿತ್ತಿಲ ಬಾಗಿಲಲ್ಲಿ ನಿಂತು, ತಾಯಿ ಮಗಳಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿ ಹೋಗುತ್ತಿದ್ದರು. ಅವ್ವ ಬೇಕೆಂದೇ ಹಾಗೆನ್ನುತ್ತಿದ್ದಳೋ, ನಿಜಕ್ಕೂ ಅವಳಿಗೆ ಆ ಬಣ್ಣ ಒಪ್ಪುತ್ತಿರಲಿಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಕೇಳಿದರೆ ನಗುತ್ತಾಳೆ. ಆದರೆ ಅವಳು ಪಕ್ಕದಲ್ಲಿ ಕೂತು ಆಗಿಲ್ಲ ಆಗಿಲ್ಲ ಎನ್ನುತ್ತಿರುವಾಗಲೇ ಆಗಿದೆ ಎಂದು ಹೇಳಲು ಕಲಿತೆ. ಆ ಸಂಜೆಗಳು ನನಗೆ ಎಷ್ಟು ಬೇಕು ಅನ್ನಿಸುತ್ತವೆಂದರೆ, ಈಗಲೂ ಪಿಂಗಾಣಿ ಬಟ್ಟಲು ಕಂಡರೆ ಕೈಗೆತ್ತಿಕೊಂಡು ನೋಡುತ್ತೇನೆ.

ಪರೀಕ್ಷೆಯ ದಿನ ಅದೇ ಆಕ್ಸಾಲಿಕ್, ಅದೇ ಪರ್ಮಾಂಗನೇಟ್. ಹೊರಗಿನಿಂದ ಬಂದ ಎಕ್ಸಾಮಿನರ್ ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು ಓಡಾಡುತ್ತಿದ್ದರು. ನಮ್ಮ ಮೇಷ್ಟ್ರು ಬಾಗಿಲ ಹತ್ತಿರ ಕರವಸ್ತ್ರ ಹಿಡಿದು ನಿಂತಿದ್ದರು. ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ ಇಟ್ಟೆ, ಬಿಸಿ ನೋಡಿದೆ, ತಿರುಪು ತಿರುಗಿಸಿದೆ. ಮೊದಲ ಹನಿ ಹಟ ಮಾಡಿ ಹೋಯಿತು. ಮಿಕ್ಕವು ಬಿದ್ದ ಬಿದ್ದಂತೆ ಹೋದವು. ನನ್ನ ಕಿವಿಯಲ್ಲಿ ಅವ್ವ, ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಎನ್ನುತ್ತಲೇ ಇದ್ದಳು. ಹನಿ ಹೋಗುವುದು ನಿಧಾನವಾಯಿತು. ಒಂದು ಹನಿ ಬಿತ್ತು, ಅಲ್ಲಾಡಿಸಿದೆ, ಟೈಲಿನ ಬಿಳುಪಿನ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಗುಲಾಬಿ ನಿಂತಿತು.

"ಸಾಕು" ಎಂದೆ. ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಂದ ಜೋರಾಗಿಯೇ ಬಂದಿತ್ತು. ಎಕ್ಸಾಮಿನರ್ ತಿರುಗಿ, "ಏನಮ್ಮ ಸಾಕು?" ಎಂದರು. ನಾನು ಫ್ಲಾಸ್ಕ್ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ತಲೆಯಾಡಿಸಿ ಮುಂದೆ ಹೋದರು. ಬಾಗಿಲ ಹತ್ತಿರ ಮೇಷ್ಟ್ರ ಕರವಸ್ತ್ರದ ಹಿಂದೆ ಏನು ನಡೆಯಿತೋ ಕಾಣಲಿಲ್ಲ. ಮೊದಲು ಅಂದಾಜು ಹಾಕಿ ಆಮೇಲೆ ಲೆಕ್ಕ ಬರೆದೆ. ಎರಡೂ ಹತ್ತಿರ ಹತ್ತಿರವೇ ಬಂದವು.

ಪಾಸಾದೆ. ಕೆಮಿಸ್ಟ್ರಿಯಲ್ಲಿ ಪ್ರಾಕ್ಟಿಕಲ್ ಕೈ ಹಿಡಿದದ್ದಕ್ಕೇ ಪಾಸಾದೆ. ದೊಡ್ಡಪ್ಪ ಆಡಿದ ಮಾತಿನಂತೆ ನಡೆದುಕೊಂಡರು. ಶಿವಮೊಗ್ಗದ ಬಸ್ಸಿಗೆ ನನ್ನ ಟ್ರಂಕನ್ನು ಅವರೇ ಹತ್ತಿಸಿದರು, ಇನ್ನು ಹಂಡೆಗೆ ಯಾರನ್ನ ಹುಡುಕಾದೋ ಎಂದು ಗೊಣಗಿದರು ಕೂಡ. ಅವ್ವ ಕಿಟಕಿಯ ಹತ್ತಿರ ಬಂದು ಬೇರೆಯದೇ ಕೇಳಿದಳು.

"ಅಲ್ಲ ಕಣೇ, ಪರೀಕ್ಷೆ ದಿನ ಯಾವ ಬಣ್ಣಕ್ಕೆ ನಿಲ್ಸಿದೆ?"

"ತಿಳಿಗುಲಾಬಿ ಅವ್ವ. ಐತೋ ಇಲ್ವೋ ಅನ್ನೋ ಹಂಗೆ."

"ಅದೆಂಥಾ ಬಣ್ಣವೋ. ಒಂದಿನ ನಂಗೂ ತೋರ್ಸು."

ತೋರಿಸುತ್ತೇನೆ ಎಂದೆ. ಬಸ್ಸು ಹೊರಟಿತು. ಆಮೇಲೆ ಡಿಗ್ರಿ, ಎಂ.ಎಸ್ಸಿ., ಕೆಲಸ. ಮೊದಲು ಹಾಕಿದ್ದು ಜಗಳೂರಿಗೆ. ಅಲ್ಲಿ ನನ್ನ ಮೇಷ್ಟ್ರು ನಿವೃತ್ತರಾಗಿ ಮನೆಯಲ್ಲಿದ್ದರು. ತಮ್ಮ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ನನ್ನ ಲ್ಯಾಬಿಗೆ ಬಂದು, "ಗಡಸು ಎಷ್ಟೈತೆ ನೋಡವ್ವ. ಮೊದ್ಲು ಅಂದಾಜು ಹೇಳು" ಎಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಊರಿಗೇ ಗೊತ್ತು. ಆದರೂ ನಾನು ಅಂದಾಜು ಹೇಳಬೇಕು, ಅವರು ತಲೆಯಾಡಿಸಬೇಕು. ಅವರು ಈಗಿಲ್ಲ. ಅವರ ಮೂರು ಪ್ರಶ್ನೆಗಳನ್ನು ನಾನು ದಿನಾ ಕೇಳುತ್ತೇನೆ.

ಅವ್ವನಿಗೆ ಕೊಟ್ಟ ಮಾತು ಮಾತ್ರ ಹಾಗೇ ಉಳಿದಿತ್ತು. ನಾನು ಊರಿಗೆ ಹೋದಾಗ ಲ್ಯಾಬ್ ಇರುತ್ತಿರಲಿಲ್ಲ, ಲ್ಯಾಬ್ ಇದ್ದಾಗ ಅವ್ವ ಇರುತ್ತಿರಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬಂತು, ಅದು ಕಣ್ಣಿಗೆ ಇಳಿಯಿತು. ದಾವಣಗೆರೆಯ ಡಾಕ್ಟರು ಕೈಲಾದದ್ದೆಲ್ಲ ಮಾಡಿ, ಇದ್ದಷ್ಟು ಉಳಿಸಿಕೊಳ್ಳಿ ಎಂದರು. ಒಂದು ಸುಗ್ಗಿಯಲ್ಲಿ ಅವ್ವ ಹೇಳಿದ ಬಣ್ಣಕ್ಕೆ ಬೇಯಿಸಿದ ಅಡಿಕೆ ಕಪ್ಪಿಟ್ಟಿತು. ಮಾರನೆಯ ದಿನ ಸೌಟು ನನ್ನ ತಮ್ಮನ ಹೆಂಡತಿಯ ಕೈಯಲ್ಲಿತ್ತು. ಅವ್ವನೇ ಕೊಟ್ಟಳಂತೆ. ಆಮೇಲೆ ಅವಳು ಕಣದ ಕಡೆ ಹೋಗುವುದನ್ನು ಬಿಟ್ಟಳು.

ಕಳೆದ ರಜೆಯಲ್ಲಿ ಅವಳನ್ನು ಹೊನ್ನಾಳಿಗೆ ಕರೆದುಕೊಂಡು ಬಂದೆ. ಮಕ್ಕಳಿಲ್ಲದ ಒಂದು ಬೆಳಗ್ಗೆ ಪ್ರಿನ್ಸಿಪಾಲರಿಗೆ ಹೇಳಿ ಲ್ಯಾಬಿನ ಬೀಗ ತೆಗೆಸಿದೆ. ಕಿಟಕಿಯ ಪಕ್ಕದ ಮೇಜಿನ ಮುಂದೆ, ಅಡಿಕೆ ಮನೆಯ ಮಕ್ಕಳು ಕೂರುವ ಜಾಗದಲ್ಲೇ ಅವ್ವನನ್ನು ಕೂರಿಸಿದೆ. ಬಿಸಿ ಆಕ್ಸಾಲಿಕ್, ಬಿಳಿ ಟೈಲ್, ಬ್ಯೂರೆಟ್. ಅವ್ವನ ಬೆರಳನ್ನು ತಿರುಪಿನ ಮೇಲಿಟ್ಟು, "ನಿಧಾನ ತಿರುಗ್ಸು, ಬಣ್ಣ ನಿಂತ ಕೂಡ್ಲೇ ಸಾಕು ಅನ್ನು" ಎಂದೆ. ಫ್ಲಾಸ್ಕ್ ಅಲ್ಲಾಡಿಸುವ ಕೆಲಸ ನನ್ನದು.

ಹನಿ ಬಿತ್ತು, ಹೋಯಿತು. ಬಿತ್ತು, ಹೋಯಿತು. ಅವ್ವ ಕಣ್ಣು ಕಿರಿದು ಮಾಡಿ ಬಗ್ಗಿದಳು, ಹಿಂದೆ ಸೌಟಿನ ಮೇಲೆ ಬಗ್ಗುತ್ತಿದ್ದ ಹಾಗೆಯೇ. ಕೊನೆಗೆ ಅದು ಬಂತು. ಇಷ್ಟು ವರ್ಷದಲ್ಲಿ ನಾನು ನೋಡಿದ ಎಲ್ಲಕ್ಕಿಂತ ತಿಳಿಯಾದ ಗುಲಾಬಿ, ಕಿಟಕಿಯ ಬೆಳಕಿನಲ್ಲಿ ನಿಂತಿತು. ನಾನು ಅವ್ವನ ಮುಖ ನೋಡಿದೆ.

"ಇನ್ನೂ ಆಗಿಲ್ಲ" ಎಂದಳು ಅವ್ವ.

ಹಿತ್ತಿಲ ಕಟ್ಟೆಯ ಜಗಳದ ಧಾಟಿಯಲ್ಲ ಅದು. ಅವಳು ಕಾಯುತ್ತಿದ್ದಳು. ಅವಳ ಕಣ್ಣಿಗೆ ಅಲ್ಲಿ ಇನ್ನೂ ಬರೀ ನೀರಿತ್ತು. ಸಾಕು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಕ್ಕಳಿಗೆ ಒಂದು ಹನಿ ಹೆಚ್ಚಾದರೂ ನಾನು ಬಿಡುವವಳಲ್ಲ. ಆ ಮಾತನ್ನು ನುಂಗಿದೆ.

"ಹೂಂ, ಇನ್ನೊಂದು ಹನಿ ಬಿಡು" ಎಂದೆ.

ಇನ್ನೊಂದು ಬಿತ್ತು. ಇನ್ನೊಂದು. ಫ್ಲಾಸ್ಕ್ ಗುಲಾಬಿಯಾಯಿತು, ಕಡುಗುಲಾಬಿಯಾಯಿತು, ಬೀಟ್‌ರೂಟ್ ಆಯಿತು. ನಾನು ಅಲ್ಲಾಡಿಸುತ್ತಲೇ ಇದ್ದೆ. ಅವ್ವನ ಮುಖ ಅರಳಿತು.

"ಹಾಂ, ಈಗ ಬಂತು ನೋಡು" ಎಂದಳು. "ಇದೇ ಅಲ್ವೇನೇ ನೀ ಹೇಳಿದ್ದ ಬಣ್ಣ?"

"ಇದೇ ಅವ್ವ" ಎಂದೆ.

"ಸಾಕು ಹಂಗಾದ್ರೆ" ಎಂದು ಅವ್ವ ತಿರುಪನ್ನು ತಾನೇ ಮುಚ್ಚಿದಳು.